ಕಟು ಟೀಕೆಗೆ ಇಂಗ್ಲಿಷಿನಲ್ಲಿ ಯಾವ ಪದ? ಸ್ಕೇದಿಂಗ್, ಹಾರ್ಶ್, ಡ್ಯಾಮಿಂಗ್ ಮತ್ತು ಅವುಗಳ ನೆಂಟರು

ಗ್ರಾಮಸಭೆಯಲ್ಲಿ ಊರವರು ಅಧಿಕಾರಿಗಳನ್ನು ತರಾಟೆಗೆ ತೆಗೆದುಕೊಂಡರು. ಹೋಂಸ್ಟೇಯಲ್ಲಿ ಉಳಿದು ಹೋದ ಅತಿಥಿಯೊಬ್ಬರು ಒಂದೇ ಸ್ಟಾರ್ ಕೊಟ್ಟು ಉದ್ದಕ್ಕೆ ಬರೆದರು. ಹೈಕೋರ್ಟ್ ಸರ್ಕಾರಕ್ಕೆ ಚಾಟಿ ಬೀಸಿತು. ಈ ಮೂರನ್ನೂ ಇಂಗ್ಲಿಷಿನಲ್ಲಿ ಹೇಳಬೇಕಾಗಿ ಬಂದಾಗ ನಮ್ಮಲ್ಲಿ ಒಂದಿಷ್ಟು ಓದಿಕೊಂಡವರು ನೇರವಾಗಿ ಸ್ಕೇದಿಂಗ್ ಎಂಬ ಪದಕ್ಕೆ ಕೈ ಹಾಕುತ್ತಾರೆ. ಉಳಿದವರು ಹಾರ್ಶ್ ಎಂದು ಬರೆದು ಸುಮ್ಮನಾಗುತ್ತಾರೆ. ಎರಡೂ ಕಡೆ ಅರ್ಥ ಸ್ವಲ್ಪ ಸ್ವಲ್ಪ ಸೋರಿ ಹೋಗುತ್ತದೆ.

ಕೊಡಗಿನಲ್ಲಿ ಪದವಿ ಓದುವವರಿಗೆ, ಸ್ಥಳೀಯ ಪತ್ರಿಕೆಗಳಿಗೆ ಸುದ್ದಿ ಬರೆಯುವವರಿಗೆ, ಹೋಂಸ್ಟೇ ನಡೆಸುವವರಿಗೆ ಇಂಗ್ಲಿಷ್ ತಿದ್ದಿಕೊಡುತ್ತಾ ನಾನು ಒಂದು ವಿಷಯವನ್ನು ಮತ್ತೆ ಮತ್ತೆ ಹೇಳುತ್ತೇನೆ. ಟೀಕೆಗೆ ಹಚ್ಚುವ ಇಂಗ್ಲಿಷ್ ವಿಶೇಷಣಗಳು ಏಟು ತಿಂದವರ ಬಗ್ಗೆ ಮಾತ್ರ ಹೇಳುವುದಿಲ್ಲ, ಏಟು ಕೊಟ್ಟವರ ಬಗ್ಗೆಯೂ ತೀರ್ಪು ಕೊಡುತ್ತವೆ. ಒಂದು ಪದ ಹಾಕಿದರೆ ಟೀಕಿಸಿದವರು ವಿನಾಕಾರಣ ಕಟುವಾದರು ಎಂಬ ಸುಳಿವು ಸಿಗುತ್ತದೆ. ಇನ್ನೊಂದು ಹಾಕಿದರೆ ಅವರ ಬಳಿ ಸಾಕ್ಷ್ಯ ಇತ್ತು ಎಂದಾಗುತ್ತದೆ. ಮತ್ತೊಂದು ಹಾಕಿದರೆ ಅವರ ಮನಸ್ಸಿನಲ್ಲಿ ವಿಷ ಇತ್ತು ಎಂದು ನೀವೇ ಬರೆದುಕೊಟ್ಟ ಹಾಗೆ. ಆದ್ದರಿಂದ ಯಾವ ಪದ ಹೆಚ್ಚು ಖಾರ ಎಂದು ನೋಡಿ ಆರಿಸಬೇಡಿ. ಯಾರ ಪರವಾಗಿ ಮಾತಾಡುತ್ತಿದ್ದೀರಿ ಎಂದು ನೋಡಿ ಆರಿಸಿ.

ಸ್ಕೇದಿಂಗ್: ಯಾವಾಗ ಸಲ್ಲುತ್ತದೆ, ಯಾವಾಗ ಸಲ್ಲದು

ಮೊದಲು ಉಚ್ಚಾರ. ಬೇದಿಂಗ್ ಸೋಪಿನ ಬೇದಿಂಗ್ ಹೇಗೋ ಹಾಗೇ ಸ್ಕೇದಿಂಗ್. ‘ಸ್ಕ್ಯಾಥಿಂಗ್’ ಅಲ್ಲ. ಬೈಯುವುದಕ್ಕೆ ಹೇಳುವ ಸ್ಕೋಲ್ಡಿಂಗ್, ಕುದಿನೀರು ಸುಡುವುದಕ್ಕೆ ಹೇಳುವ ಸ್ಕಾಲ್ಡಿಂಗ್ ಎರಡೂ ಬೇರೆ ಪದಗಳು. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಈ ಮೂರೂ ಒಂದರ ಜಾಗಕ್ಕೆ ಇನ್ನೊಂದು ಬಂದು ಕೂರುವುದನ್ನು ಮೇಷ್ಟ್ರುಗಳೆಲ್ಲ ಕಂಡಿರುತ್ತಾರೆ.

ಇದರ ಮೂಲ ಹಳೆಯ ನಾರ್ಸ್ ಭಾಷೆಯಲ್ಲಿದೆ. ಹಾನಿ ಮಾಡು, ಗಾಯ ಮಾಡು ಎಂಬುದು ಅಲ್ಲಿನ ಅರ್ಥ. ಇಂಗ್ಲಿಷಿಗೆ ಬಂದ ಮೇಲೆ ಬೆಂಕಿ ತಾಗಿ ಸೀದುಹೋಗು ಎಂಬ ಅರ್ಥವೂ ಸೇರಿಕೊಂಡಿತು. ಅದರ ಕ್ರಿಯಾಪದ ಈಗ ಬಳಕೆಯಲ್ಲಿ ಇಲ್ಲವೆಂದೇ ಹೇಳಬಹುದು. ‘ಹಿ ಸ್ಕೇದ್ಡ್ ಮಿ’ ಎಂದು ಈಗ ಯಾರೂ ಬರೆಯುವುದಿಲ್ಲ. ನೀವೂ ಬರೆಯಬೇಡಿ. ಆದರೆ ಅದೇ ಮನೆಯ ಇನ್ನೊಂದು ಪದ ನಿಮಗೆ ಚೆನ್ನಾಗಿ ಗೊತ್ತು. ಸಂಪಾಜೆ ಘಾಟಿಯಲ್ಲಿ ಕಾರು ಜಾರಿ ಚರಂಡಿಗೆ ಇಳಿದು, ಒಳಗಿದ್ದವರಿಗೆ ಏನೂ ಆಗದಿದ್ದರೆ ಇಂಗ್ಲಿಷ್ ಪತ್ರಿಕೆ ಬರೆಯುವುದು ‘ದಿ ಪ್ಯಾಸೆಂಜರ್ಸ್ ಎಸ್ಕೇಪ್ಡ್ ಅನ್‌ಸ್ಕೇದ್ಡ್’ ಎಂದು. ಕೂದಲೂ ಕೊಂಕಲಿಲ್ಲ ಎಂದರ್ಥ. ಸ್ಕೇದಿಂಗ್ ಟೀಕೆ ಎಂದರೆ ಅದಕ್ಕೆ ತದ್ವಿರುದ್ಧ, ಕೇಳಿದವರು ಗಾಯವಿಲ್ಲದೆ ಎದ್ದು ಬರಲಾಗದಂಥದ್ದು.

ಒಂದು ಟೀಕೆಯನ್ನು ಸ್ಕೇದಿಂಗ್ ಎನ್ನಬೇಕಾದರೆ ಅದರಲ್ಲಿ ಎರಡು ಗುಣ ಇರಬೇಕು ಎಂಬುದು ನನ್ನ ಅಭಿಪ್ರಾಯ. ಮೊದಲನೆಯದು ತಿರಸ್ಕಾರ. ಬರೀ ಅಸಮಾಧಾನ ಸಾಲದು. ‘ಇದು ಹೀಗೆ ಆಗಬಾರದಿತ್ತು’ ಎಂಬಲ್ಲಿಗೆ ನಿಲ್ಲದೆ ‘ಇದನ್ನು ಮಾಡಿದವರಿಗೆ ನಾಚಿಕೆಯಾಗಬೇಕು’ ಎಂಬಲ್ಲಿಗೆ ಮಾತು ಹೋಗಬೇಕು. ಎರಡನೆಯದು ವಿಸ್ತಾರ. ಒಂದು ಸಾಲಿನ ಚುಚ್ಚುಮಾತು ಸ್ಕೇದಿಂಗ್ ಆಗುವುದು ಅಪರೂಪ. ಸಾಮಾನ್ಯವಾಗಿ ಅದೊಂದು ವಿಮರ್ಶೆ, ಪತ್ರ, ಭಾಷಣ, ಸಂಪಾದಕೀಯ, ವರದಿ. ಬುಡದಿಂದ ತುದಿವರೆಗೆ ಯಾವುದನ್ನೂ ಬಿಡದೆ ಜಾಲಾಡಿದ್ದು.

ಹಾಗಾಗಿಯೇ ಈ ಪದ ಕೆಲವು ನಾಮಪದಗಳ ಜೊತೆ ಮಾತ್ರ ಕೂಡಿ ಬಾಳುತ್ತದೆ. ಸ್ಕೇದಿಂಗ್ ರಿವ್ಯೂ, ಸ್ಕೇದಿಂಗ್ ಅಟ್ಯಾಕ್, ಸ್ಕೇದಿಂಗ್ ರಿಪೋರ್ಟ್, ಸ್ಕೇದಿಂಗ್ ರಿಮಾರ್ಕ್ಸ್, ಸ್ಕೇದಿಂಗ್ ಎಡಿಟೋರಿಯಲ್, ಸ್ಕೇದಿಂಗ್ ಇಂಡೈಟ್‌ಮೆಂಟ್. ಇವೆಲ್ಲ ಮಾತು ಅಥವಾ ಬರಹ ಎಂಬುದನ್ನು ಗಮನಿಸಿ. ಮಾತಿನಲ್ಲಿ ಇಲ್ಲದ್ದಕ್ಕೆ ಈ ವಿಶೇಷಣ ಸಾಮಾನ್ಯವಾಗಿ ಹತ್ತುವುದಿಲ್ಲ. ಸ್ಕೇದಿಂಗ್ ಪನಿಶ್‌ಮೆಂಟ್ ಇಲ್ಲ, ಅದು ಹಾರ್ಶ್ ಅಥವಾ ಸಿವಿಯರ್. ಸ್ಕೇದಿಂಗ್ ರೇನ್ ಇಲ್ಲ. ಸ್ಕೇದಿಂಗ್ ಆಪೊಸಿಷನ್ ಕೂಡ ಇಲ್ಲ. ಈ ಕೊನೆಯದನ್ನು ನಮ್ಮ ಜಿಲ್ಲೆಯವರು ವಿಶೇಷವಾಗಿ ನೆನಪಿಡಬೇಕು. ಪಶ್ಚಿಮ ಘಟ್ಟದ ಪರಿಸರ ಸಂರಕ್ಷಣೆಯ ಬಗ್ಗೆ 2011ರಲ್ಲಿ ಮಾಧವ ಗಾಡ್ಗೀಳ್ ಸಮಿತಿ, 2013ರಲ್ಲಿ ಕಸ್ತೂರಿರಂಗನ್ ಸಮಿತಿ ವರದಿ ಕೊಟ್ಟ ಮೇಲೆ ಕೊಡಗಿನಲ್ಲಿ ಎದ್ದ ವಿರೋಧವನ್ನು ಇಂಗ್ಲಿಷಿನಲ್ಲಿ ಬರೆಯುವಾಗ ‘ಸ್ಟಿಫ್ ಆಪೊಸಿಷನ್’ ಅಥವಾ ‘ಫಿಯರ್ಸ್ ಆಪೊಸಿಷನ್’ ಎನ್ನಬೇಕು. ಆ ವಿರೋಧದ ಸಭೆಯಲ್ಲಿ ಒಬ್ಬರು ನಿಂತು ವರದಿಯ ಒಂದೊಂದೇ ಅಂಶವನ್ನು ಹಿಡಿದು ಹಿಂಜಿದರೆ, ಆ ಭಾಷಣ ಮಾತ್ರ ಸ್ಕೇದಿಂಗ್ ಆಗಬಹುದು.

ವಾಕ್ಯದಲ್ಲಿ ಇದನ್ನು ಎರಡು ಕಡೆ ಕೂರಿಸಬಹುದು. ನಾಮಪದಕ್ಕಿಂತ ಮೊದಲು: ‘ಶಿ ರೋಟ್ ಎ ಸ್ಕೇದಿಂಗ್ ಲೆಟರ್ ಟು ದಿ ಕಮಿಷನರ್.’ ಕ್ರಿಯಾಪದದ ನಂತರ: ‘ದಿ ಕೋಚ್ ವಾಸ್ ಸ್ಕೇದಿಂಗ್ ಅಬೌಟ್ ದಿ ಡಿಫೆನ್ಸ್.’ ಎರಡನೆಯ ರೀತಿಯಲ್ಲಿ ಬರೆದಾಗ ಅದರ ನಂತರ ಬರುವುದು ಅಬೌಟ್. ಕೆಲವೊಮ್ಮೆ ಆಫ್ ಕೂಡ ಬರುತ್ತದೆ. ಆದರೆ ಆನ್ ಅಥವಾ ಅಗೇನ್‌ಸ್ಟ್ ಬರುವುದಿಲ್ಲ. ‘ಅವರ ಮೇಲೆ’, ‘ಅವರ ವಿರುದ್ಧ’ ಎಂದು ಕನ್ನಡದಲ್ಲಿ ಯೋಚಿಸುವುದರಿಂದ ‘ಸ್ಕೇದಿಂಗ್ ಆನ್ ದಿ ಪ್ಲೇಯರ್ಸ್’ ಎಂಬ ತಪ್ಪು ಹುಟ್ಟುತ್ತದೆ. ಆನ್ ಬೇಕೇ ಬೇಕು ಅನ್ನಿಸಿದರೆ ಅಟ್ಯಾಕ್ ಎಂಬ ನಾಮಪದ ತನ್ನಿ: ‘ಎ ಸ್ಕೇದಿಂಗ್ ಅಟ್ಯಾಕ್ ಆನ್ ದಿ ಪ್ಲೇಯರ್ಸ್.’ ಸ್ಕೇದಿಂಗ್‌ಗೆ ಮೊದಲು ವೆರಿ ಹಾಕುವುದು ತಪ್ಪೇನಲ್ಲ, ಆದರೆ ಸಪ್ಪೆ. ಪದದ ಒಳಗೇ ತೀವ್ರತೆ ಇರುವಾಗ ಹೊರಗಿನಿಂದ ತುಂಬುವ ಅಗತ್ಯವಿಲ್ಲ. ಹೋಲಿಸಿ ಹೇಳಬೇಕಾದರೆ ‘ಪರ್ಟಿಕ್ಯುಲರ್ಲಿ ಸ್ಕೇದಿಂಗ್’ ಚೆನ್ನಾಗಿ ಕೇಳುತ್ತದೆ: ಎಲ್ಲವನ್ನೂ ಟೀಕಿಸಿದರು, ಅದರಲ್ಲೂ ಇದನ್ನು ಹರಿದು ಹಾಕಿದರು ಎಂಬ ಅರ್ಥದಲ್ಲಿ.

ಇದಕ್ಕೆ ವಿರುದ್ಧ ಪದ ಏನೆಂದು ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಕೇಳುತ್ತಾರೆ. ಆಯ್ಕೆಗಳಲ್ಲಿ ಮೈಲ್ಡ್ ಇದ್ದರೆ ಅದನ್ನೇ ಗುರುತಿಸಿ. ಬರವಣಿಗೆಯಲ್ಲಿ ಮಾತ್ರ ಸ್ಕೇದಿಂಗ್ ರಿವ್ಯೂಗೆ ಸರಿಯಾದ ಎದುರಾಳಿ ಗ್ಲೋಯಿಂಗ್ ರಿವ್ಯೂ, ಅಂದರೆ ಬಾಯ್ತುಂಬ ಹೊಗಳಿದ್ದು. ಒಂದು ಸುಡುವ ಕೆಂಡ, ಇನ್ನೊಂದು ಹೊಳೆಯುವ ಕೆಂಡ; ಇಂಗ್ಲಿಷ್ ಎರಡನ್ನೂ ಒಂದೇ ಒಲೆಯಿಂದ ತೆಗೆದಂತಿದೆ.

ಹಾರ್ಶ್: ಕಾಫಿಯವರಿಗೆ ಗೊತ್ತಿರುವ ಪದ

ಕೊಡಗಿನಲ್ಲಿ ಹಾರ್ಶ್ ಎಂಬುದು ಇಂಗ್ಲಿಷ್ ಕ್ಲಾಸಿಗಿಂತ ಮೊದಲು ಕಾಫಿ ಕ್ಯೂರಿಂಗ್‌ನವರ ಬಾಯಲ್ಲಿ ಕಿವಿಗೆ ಬೀಳಬಹುದು. ಸರಿಯಾಗಿ ಸಂಸ್ಕರಿಸದ ರೊಬಸ್ಟಾ ಕಾಫಿಯ ರುಚಿ ನೋಡುವವರು ‘ಕಪ್ ಹಾರ್ಶ್ ಆಗಿದೆ’ ಎನ್ನುತ್ತಾರೆ. ಅಮೆರಿಕದ ಸ್ಪೆಷಾಲಿಟಿ ಕಾಫಿ ಸಂಘಟನೆ 1995ರಲ್ಲಿ ತಂದ, ಕಾಫಿಯ ರುಚಿಗಳನ್ನು ಹೆಸರಿಸಿ ವಿಂಗಡಿಸುವ ರುಚಿಚಕ್ರದಲ್ಲಿ ಕಹಿಯ ಕೆಳಗೆ ಹಾರ್ಶ್ ಇದೆ, ಅದರ ಕೆಳಗೆ ಕಾಸ್ಟಿಕ್ ಇದೆ. 2016ರಲ್ಲಿ ಆ ಚಕ್ರವನ್ನು ಹೊಸದಾಗಿ ಮಾಡಿದರು, ಆದರೂ ಹಳೆಯ ಪದಗಳು ಕಾಫಿಯ ರುಚಿ ನೋಡುವ ಕಪ್ಪಿಂಗ್ ಟೇಬಲ್ಲಿನ ಸುತ್ತ ಇನ್ನೂ ಓಡಾಡುತ್ತವೆ. ಹಾರ್ಶ್ ಎಂದರೆ ನಾಲಿಗೆಗೆ ಒರಟು, ಗಂಟಲಿಗೆ ಗೀರು.

ಟೀಕೆಗೆ ಬಂದಾಗಲೂ ಅದೇ ಒರಟುತನ. ಇದು ಎಲ್ಲಕ್ಕಿಂತ ಅಗಲವಾದ ಪದ. ಶಿಕ್ಷೆ, ಹವೆ, ಬೆಳಕು, ದನಿ, ಮಾತು, ಬದುಕು ಎಲ್ಲಕ್ಕೂ ಹತ್ತುತ್ತದೆ. ಆ ಅಗಲವೇ ಅದರ ಅನುಕೂಲ, ಅದೇ ಅದರ ಬಲಹೀನತೆ.

ಇಲ್ಲಿ ಮುಖ್ಯವಾದ ಸೂಕ್ಷ್ಮ ಒಂದಿದೆ. ಹಾರ್ಶ್ ಎಂದಾಗ ‘ಇಷ್ಟು ಬೇಕಿರಲಿಲ್ಲ’ ಎಂಬ ನೆರಳು ಜೊತೆಗೇ ಬರುತ್ತದೆ. ‘ದಟ್ಸ್ ಎ ಬಿಟ್ ಹಾರ್ಶ್’ ಎಂದು ಯಾರಾದರೂ ಹೇಳಿದರೆ, ನೀವು ಹೇಳಿದ್ದರಲ್ಲಿ ಸತ್ಯ ಇರಬಹುದು, ಹೇಳಿದ ರೀತಿ ಜಾಸ್ತಿಯಾಯಿತು ಎಂದರ್ಥ. ‘ಡೋಂಟ್ ಬಿ ಟೂ ಹಾರ್ಶ್ ಆನ್ ದಿ ಬಾಯ್’ ಎಂದರೆ ಹುಡುಗನಿಗೆ ಅಷ್ಟೊಂದು ಬೈಬೇಡಿ. ನೋಡಿ, ಇಲ್ಲಿ ಆನ್ ಬಂತು. ಸ್ಕೇದಿಂಗ್ ಜೊತೆ ಬಾರದ ಆನ್ ಇಲ್ಲಿ ಸಹಜವಾಗಿ ಬರುತ್ತದೆ. ಸ್ಕೇದಿಂಗ್ ಎಂಬುದರಲ್ಲಿ ಈ ಅಯ್ಯೋ ಪಾಪ ಇಲ್ಲ. ಅದು ಟೀಕೆಯ ತೀವ್ರತೆಯನ್ನು ಅಳೆಯುತ್ತದೆ, ನ್ಯಾಯ ಅನ್ಯಾಯವನ್ನು ಓದುಗರಿಗೆ ಬಿಡುತ್ತದೆ. ಪಂಚಾಯಿತಿಯ ಲೋಪವನ್ನು ಊರವರು ದಾಖಲೆ ಸಮೇತ ಎತ್ತಿ ಆಡಿದ್ದನ್ನು ನೀವು ‘ಹಾರ್ಶ್ ಕ್ರಿಟಿಸಿಸಂ’ ಎಂದು ವರದಿ ಮಾಡಿದರೆ ಗೊತ್ತಿಲ್ಲದೆಯೇ ಪಂಚಾಯಿತಿಯ ಪಕ್ಕಕ್ಕೆ ವಾಲಿದ್ದೀರಿ. ಇದು ಪತ್ರಕರ್ತರು ನಿಜವಾಗಿಯೂ ಎಚ್ಚರ ವಹಿಸಬೇಕಾದ ಜಾಗ.

ಸಿವಿಯರ್ ಇದಕ್ಕೆ ಹತ್ತಿರದ ಪದ, ಆದರೆ ಅದಕ್ಕೆ ಕೋಟು ತೊಡಿಸಿದೆ. ನ್ಯಾಯಾಲಯ, ಆಯೋಗ, ಲೆಕ್ಕಪರಿಶೋಧನೆ ಇಂಥ ಕಡೆ ‘ಸಿವಿಯರ್ ಕ್ರಿಟಿಸಿಸಂ’ ಹೊಂದುತ್ತದೆ. ಅಧಿಕಾರ ಇರುವವರು ತೂಕವಿಟ್ಟು ಹೇಳಿದ್ದು ಎಂಬ ಭಾವ ಅದರಲ್ಲಿದೆ. ಸ್ನೇಹಿತರ ಮಾತಿಗೆ ಹಾಕಿದರೆ ವಿಚಿತ್ರವಾಗಿ ಕೇಳುತ್ತದೆ.

ಡ್ಯಾಮಿಂಗ್: ಸಾಕ್ಷ್ಯಕ್ಕೆ ಮೀಸಲು

ಇದರ ಸ್ಪೆಲ್ಲಿಂಗಿನಲ್ಲಿ ಎಂ ಆದ ಮೇಲೆ ಎನ್ ಇದೆ, ಉಚ್ಚಾರದಲ್ಲಿ ಆ ಎನ್ ಇಲ್ಲ. ಡ್ಯಾಮ್ನಿಂಗ್ ಎನ್ನಬೇಡಿ.

ಕೇಳಲು ಇದು ಬೈಗುಳದಂತಿದೆ, ಆದರೆ ಈ ಗುಂಪಿನಲ್ಲಿ ಅತಿ ಗಂಭೀರವಾದ ಪದ ಇದೇ. ಸ್ಕೇದಿಂಗ್ ಮಾತಿನ ಶಾಖವನ್ನು ಹೇಳಿದರೆ ಡ್ಯಾಮಿಂಗ್ ಸಾಕ್ಷ್ಯದ ಭಾರವನ್ನು ಹೇಳುತ್ತದೆ. ಒಂದು ಕಡತ, ಒಂದು ಫೋಟೊ, ಒಂದು ಅಳತೆಯ ಪಟ್ಟಿ ಬಾಯಿಬಿಡದೆಯೇ ಡ್ಯಾಮಿಂಗ್ ಆಗಬಲ್ಲದು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಸುತ್ತಮುತ್ತ ಗುಡ್ಡಗಳು ಕುಸಿದವು. ಅಂಥ ಒಂದು ಇಳಿಜಾರಿನಲ್ಲಿ ಯಾವ ವರ್ಷ ಮಣ್ಣು ಕಡಿಯಲು ಯಾರು ಒಪ್ಪಿಗೆ ಕೊಟ್ಟರು ಎಂದು ತಾರೀಕು ಸಮೇತ ತೋರಿಸುವ ದಾಖಲೆಯೊಂದು ಇದ್ದರೆ ಅದು ‘ಡ್ಯಾಮಿಂಗ್ ಎವಿಡೆನ್ಸ್’. ಅದೇ ವಿಷಯದ ಬಗ್ಗೆ ಸಿಟ್ಟಿನಿಂದ ಬರೆದ ಸಂಪಾದಕೀಯ ‘ಸ್ಕೇದಿಂಗ್ ಎಡಿಟೋರಿಯಲ್’. ದಾಖಲೆ ಇಲ್ಲದೆ ಬರೀ ಆರೋಪ ಇದ್ದಾಗ ಡ್ಯಾಮಿಂಗ್ ಎನ್ನಬಾರದು, ಏಕೆಂದರೆ ಆ ಪದದಲ್ಲಿ ತಪ್ಪು ಸಾಬೀತಾಯಿತು ಎಂಬ ಸೂಚನೆ ಇದೆ.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತು. ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿಯ ವರದಿಯೊಂದು ಹೊರಬಂದಾಗ ಪತ್ರಿಕೆಗಳು ಅದನ್ನು ಸ್ಕೇದಿಂಗ್ ಎಂದೋ ಡ್ಯಾಮಿಂಗ್ ಎಂದೋ ಕರೆಯುತ್ತವೆ. ವರದಿ ತೆರೆದು ಓದಿದರೆ ಒಳಗೆ ಇಂಥ ಪದಗಳ ಸುಳಿವಿಲ್ಲ. ‘ಆಡಿಟ್ ಅಬ್ಸರ್ವ್ಡ್ ದಟ್’ ಎಂದು ಶುರುವಾಗಿ, ಇಷ್ಟು ಹಣ, ಇಂಥ ದಿನ, ಈ ಕೆಲಸ ಆಗಲಿಲ್ಲ ಎಂದು ತಣ್ಣಗೆ ಹೇಳಿ ಮುಗಿಯುತ್ತದೆ. ಮೈಸುಡುವ ಬರಹಕ್ಕೆ ಮೈಸುಡುವ ವಿಶೇಷಣ ಬೇಕಾಗಿಲ್ಲ. ನಮ್ಮಲ್ಲಿ ಅರ್ಜಿ ಬರೆಯುವವರಿಗೆ ಇದನ್ನು ನಾನು ಒತ್ತಿ ಹೇಳುತ್ತೇನೆ. ಈ ಲೇಖನದ ಪದಗಳೆಲ್ಲ ಬೇರೆಯವರ ಟೀಕೆಯನ್ನು ವರ್ಣಿಸಲಿಕ್ಕೆ. ನೀವೇ ಟೀಕಿಸುವಾಗ ಇವು ಬೇಡ. ‘ಐ ಆಮ್ ಗಿವಿಂಗ್ ಸ್ಕೇದಿಂಗ್ ಕ್ರಿಟಿಸಿಸಂ’ ಎಂದು ತಹಶೀಲ್ದಾರರಿಗೆ ಬರೆದರೆ ಪತ್ರ ಅಲ್ಲಿಗೇ ಹಗುರವಾಯಿತು. ರಸ್ತೆಯ ಹೆಸರು, ಗುಂಡಿಯ ಆಳ, ಹಿಂದಿನ ಅರ್ಜಿಯ ಸಂಖ್ಯೆ ಬರೆಯಿರಿ.

ವಿಟ್ರಿಆಲಿಕ್: ಸುಣ್ಣ ಬೆರೆಸದ ಮೈಲುತುತ್ತ

ಈ ಪದವನ್ನು ಕೊಡಗಿನವರಿಗೆ ವಿವರಿಸುವಷ್ಟು ಸುಲಭವಾಗಿ ಬೇರೆಲ್ಲೂ ವಿವರಿಸಲಾಗದು. ವಿಟ್ರಿಆಲ್ ಎಂಬುದು ಹಿಂದಿನ ರಸಾಯನಶಾಸ್ತ್ರದ ಹೆಸರು. ಗಾಜಿನಂತೆ ಹೊಳೆಯುವ ಲೋಹದ ಸಲ್ಫೇಟ್ ಹರಳುಗಳಿಗೆ ಗಾಜು ಎಂಬ ಅರ್ಥದ ಲ್ಯಾಟಿನ್ ಪದದಿಂದ ಆ ಹೆಸರು ಬಂತು. ಗಂಧಕಾಮ್ಲವನ್ನು ಆಯಿಲ್ ಆಫ್ ವಿಟ್ರಿಆಲ್ ಎನ್ನುತ್ತಿದ್ದರು. ಬ್ಲೂ ವಿಟ್ರಿಆಲ್ ಎಂದರೆ ಕಾಪರ್ ಸಲ್ಫೇಟ್, ನಮ್ಮ ಮೈಲುತುತ್ತ.

ಮಳೆಗಾಲಕ್ಕೆ ಮುಂಚೆ ಕರಿಮೆಣಸಿಗೆ ರೋಗ ತಡೆಯಲು ಸಿಂಪಡಿಸುವ ಶೇ 1ರ ಬೋರ್ಡೋ ದ್ರಾವಣ ಮಾಡುವಾಗ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಬೆರೆಸಿದ ಮೇಲೆ ಕಬ್ಬಿಣದ ಚಾಕುವೊಂದನ್ನು ಒಳಗೆ ಅದ್ದಿ ಹಿಡಿಯುತ್ತಾರೆ. ಎತ್ತಿದಾಗ ಅಲಗಿನ ಮೇಲೆ ಕೆಂಪಗೆ ತಾಮ್ರದ ಬಣ್ಣ ಹತ್ತಿದ್ದರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಎಲೆ ಸುಟ್ಟುಹೋಗುತ್ತದೆ. ಮತ್ತಷ್ಟು ಸುಣ್ಣದ ತಿಳಿ ಸುರಿದು, ಚಾಕು ಚೊಕ್ಕಟವಾಗಿ ಬರುವವರೆಗೆ ನೋಡುತ್ತಾರೆ. ವಿಟ್ರಿಆಲಿಕ್ ಟೀಕೆ ಆ ಸುಣ್ಣ ಬೀಳದ ಮೈಲುತುತ್ತದಂಥದ್ದು. ರೋಗಕ್ಕೆ ತಾಗಿತೋ ಇಲ್ಲವೋ, ಎಲೆಯಂತೂ ಉಳಿಯುವುದಿಲ್ಲ.

ಆದ್ದರಿಂದ ಇದು ಟೀಕಿಸಿದವರ ಮೇಲೆಯೇ ಬರುವ ಆರೋಪ. ‘ಎ ವಿಟ್ರಿಆಲಿಕ್ ಅಟ್ಯಾಕ್’ ಎಂದರೆ ದ್ವೇಷ ಕಾರಿದ್ದು, ವ್ಯಕ್ತಿಯನ್ನೇ ಗುರಿಮಾಡಿದ್ದು. ಸ್ಕೇದಿಂಗ್ ಎಂಬುದಕ್ಕೆ ಇನ್ನೂ ಬಲವಾದ ಸಮಾನಾರ್ಥಕ ಎಂದು ತಿಳಿದು ಇದನ್ನು ಬಳಸುವವರಿದ್ದಾರೆ. ಬೇಡ. ನೀವು ಮೆಚ್ಚಿದ ವಿಮರ್ಶಕರ ಬರಹಕ್ಕೆ ವಿಟ್ರಿಆಲಿಕ್ ಎಂದರೆ ಅವರನ್ನು ಅವಮಾನಿಸಿದಂತೆ. ಚುನಾವಣೆ ಹೊತ್ತಿನ ವೈಯಕ್ತಿಕ ನಿಂದನೆಗೆ, ಸಾಮಾಜಿಕ ಜಾಲತಾಣದಲ್ಲಿ ಜಾತಿ, ಭಾಷೆ ಎಳೆದು ಆಡುವ ಮಾತಿಗೆ ಮಾತ್ರ ಇಟ್ಟುಕೊಳ್ಳಿ.

ಕಾಸ್ಟಿಕ್, ಅಸರ್ಬಿಕ್: ನಾಲಿಗೆಯ ಸ್ವಭಾವ

ಚುಚ್ಚಿ ಸುಡುವ ಮಾತಿಗೆ ಹೇಳುವ ಇವೆರಡೂ ಪದಗಳು ಒಂದು ದಿನದ ಟೀಕೆಗಿಂತ ಒಬ್ಬರ ಮಾತಿನ ಜಾಯಮಾನಕ್ಕೆ ಹೆಚ್ಚು ಒಪ್ಪುತ್ತವೆ. ಸ್ಕೇದಿಂಗ್ ಮ್ಯಾನ್ ಎಂದು ಹೇಳುವ ರೂಢಿಯಿಲ್ಲ. ಕಾಸ್ಟಿಕ್ ಟಂಗ್, ಕಾಸ್ಟಿಕ್ ವಿಟ್, ಅಸರ್ಬಿಕ್ ಮ್ಯಾನರ್ ಎಂದು ಧಾರಾಳವಾಗಿ ಹೇಳಬಹುದು. ಇವುಗಳಲ್ಲಿ ಬುದ್ಧಿವಂತಿಕೆ, ವ್ಯಂಗ್ಯ ಸೇರಿದೆ. ಬರೀ ಕೋಪಕ್ಕೆ ಈ ಪದ ಸಲ್ಲದು.

ನಮ್ಮ ಜಿಲ್ಲೆಗೆ ಹತ್ತಿರದ ಒಂದು ಪ್ರಸಂಗ ತೆಗೆದುಕೊಂಡರೆ ಪದಗಳ ಅಂತರ ಚೆನ್ನಾಗಿ ಕಾಣುತ್ತದೆ. ಮಡಿಕೇರಿಯ ಜನರಲ್ ಕೆ.ಎಸ್. ತಿಮ್ಮಯ್ಯ ಭೂಸೇನೆಯ ಮುಖ್ಯಸ್ಥರಾಗಿದ್ದಾಗ, 1959ರಲ್ಲಿ, ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಜೊತೆಗಿನ ಭಿನ್ನಾಭಿಪ್ರಾಯದಿಂದ ರಾಜೀನಾಮೆ ಕೊಟ್ಟರು. ಪ್ರಧಾನಿ ನೆಹರೂ ಮನವೊಲಿಸಿದ ಮೇಲೆ ಹಿಂತೆಗೆದುಕೊಂಡರು. ಆಮೇಲೆ ನೆಹರೂ ಸಂಸತ್ತಿನಲ್ಲಿ ಮಾತಾಡುತ್ತಾ ಕಾರಣಗಳು ಕ್ಷುಲ್ಲಕವಾದವು, ಸ್ವಭಾವದ ಭಿನ್ನತೆಯಿಂದ ಬಂದವು ಎಂಬ ಧಾಟಿಯಲ್ಲಿ ಹೇಳಿದರು. ಕೊಡಗಿನಲ್ಲಿ ಆ ಮಾತಿನ ನೋವು ಬಹಳ ಕಾಲ ಉಳಿಯಿತು. ಅದನ್ನು ಇಂಗ್ಲಿಷಿನಲ್ಲಿ ಬರೆಯುವ ನಮ್ಮ ಹುಡುಗರು ‘ನೆಹರೂಸ್ ಸ್ಕೇದಿಂಗ್ ರಿಮಾರ್ಕ್ಸ್’ ಎನ್ನುತ್ತಾರೆ. ನೋವು ದೊಡ್ಡದು ಎಂಬ ಕಾರಣಕ್ಕೆ ಪದವೂ ದೊಡ್ಡದಿರಬೇಕಿಲ್ಲ. ಅಲ್ಲಿ ಸುಡುವ ಮಾತಿರಲಿಲ್ಲ, ತಳ್ಳಿಹಾಕುವ ಮಾತಿತ್ತು. ಅದಕ್ಕೆ ಡಿಸ್ಮಿಸಿವ್ ಎಂಬುದೇ ಸರಿ, ಮತ್ತು ಓದುವವರಿಗೆ ಹೆಚ್ಚು ತಟ್ಟುವುದೂ ಅದೇ. ಇನ್ನು ಕೃಷ್ಣ ಮೆನನ್ ಅವರ ಹರಿತ ನಾಲಿಗೆಯ ಬಗ್ಗೆ ಬರೆಯುವಾಗ ಇಂಗ್ಲಿಷ್ ಲೇಖಕರು ಅಸರ್ಬಿಕ್, ಕಾಸ್ಟಿಕ್ ಎಂಬ ಪದಗಳನ್ನು ಬಳಸುತ್ತಾ ಬಂದಿದ್ದಾರೆ. ಅದು ಒಂದು ಭಾಷಣದ ವರ್ಣನೆಯಲ್ಲ, ಆ ಮನುಷ್ಯ ಮಾತಾಡುತ್ತಿದ್ದ ಬಗೆ.

ವಿದರಿಂಗ್, ಬ್ಲಿಸ್ಟರಿಂಗ್, ಟ್ರೆಂಚಂಟ್

ವಿದರಿಂಗ್ ಬಹುಪಾಲು ನೋಟಕ್ಕೆ. ‘ಎ ವಿದರಿಂಗ್ ಲುಕ್’ ಎಂದರೆ ಒಂದು ಮಾತೂ ಆಡದೆ ಎದುರಿನವರನ್ನು ಕುಗ್ಗಿಸಿಬಿಡುವ ನೋಟ. ಮೆಣಸಿನ ಬಳ್ಳಿ ನೀರಿಲ್ಲದೆ ಸೊರಗಿದರೆ ಅದು ವಿಲ್ಟ್, ಸಂಜೆಗೆ ಚೇತರಿಸಿಕೊಂಡೀತು. ಒಣಗಿ ಮುದುಡಿದರೆ ವಿದರ್. ಟೀಕೆಗೆ ಇದನ್ನು ಬಳಸಿದಾಗಲೂ ಕೇಳಿದವರು ಮುದುಡಿದರು ಎಂಬುದೇ ಮುಖ್ಯ ಅರ್ಥ. ಹಿರಿಯರು ಕಿರಿಯರಿಗೆ, ಮೇಷ್ಟ್ರು ವಿದ್ಯಾರ್ಥಿಗೆ ಕೊಡುವಂಥದ್ದು. ಹುಡುಗನೊಬ್ಬ ಮಂತ್ರಿಯ ಮೇಲೆ ವಿದರಿಂಗ್ ಟೀಕೆ ಮಾಡಿದ ಎಂದರೆ ಮಂತ್ರಿ ನಿಜಕ್ಕೂ ಕುಗ್ಗಿದರೇ ಎಂದು ಕೇಳಿಕೊಳ್ಳಿ.

ಬ್ಲಿಸ್ಟರಿಂಗ್ ಎಂದರೆ ಬೊಬ್ಬೆ ಏಳಿಸುವಂಥದ್ದು. ಇದರಲ್ಲಿ ವೇಗ ಇದೆ, ಆವೇಶ ಇದೆ. ಆದರೆ ಇದಕ್ಕೆ ಹೊಗಳಿಕೆಯ ಮುಖವೂ ಇರುವುದರಿಂದ ಜಾಗ್ರತೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಹಾಕಿ ಉತ್ಸವದ ಪಂದ್ಯವೊಂದರ ವರದಿಯಲ್ಲಿ ‘ಎ ಬ್ಲಿಸ್ಟರಿಂಗ್ ಅಟ್ಯಾಕ್’ ಎಂದು ಬಂದರೆ ಮುನ್ಪಡೆ ಆಟಗಾರರು ಬಿರುಗಾಳಿಯಂತೆ ನುಗ್ಗಿದರು ಎಂದರ್ಥ, ಯಾರೂ ಯಾರನ್ನೂ ಬೈದಿಲ್ಲ. ಅದೇ ಪದಗಳು ರಾಜಕೀಯ ಪುಟದಲ್ಲಿ ಬಂದರೆ ವಾಗ್ದಾಳಿ. ಕ್ರೀಡಾ ವರದಿಯಲ್ಲಿ ಕೋಚ್ ಟೀಕಿಸಿದ ವಿಷಯ ಬರೆಯುವಾಗ ಈ ಗೊಂದಲ ತಪ್ಪಿಸಲು ಸ್ಕೇದಿಂಗ್ ವಾಸಿ.

ಟ್ರೆಂಚಂಟ್ ಮೆಚ್ಚುಗೆಯ ಪದ. ಕತ್ತರಿಸುವ ಎಂಬ ಅರ್ಥದ ಹಳೆಯ ಫ್ರೆಂಚಿನಿಂದ ಬಂದದ್ದು. ವಿಮರ್ಶೆ ಹರಿತವಾಗಿತ್ತು, ತರ್ಕ ನಿಖರವಾಗಿತ್ತು, ಓದಿ ಲಾಭವಾಯಿತು ಎಂದು ಹೇಳಬೇಕಾದಾಗ ಇದು. ಕನ್ನಡದ ‘ನಿಷ್ಠುರ ವಿಮರ್ಶೆ’ಗೆ ನನಗೆ ತೋಚುವ ಅತಿ ಹತ್ತಿರದ ಇಂಗ್ಲಿಷ್ ಇದೇ, ಮತ್ತು ನಮ್ಮವರು ಇದನ್ನು ಬಳಸುವುದು ತೀರಾ ಕಡಿಮೆ.

ಕ್ರಿಟಿಕಲ್ ಬಗ್ಗೆ ಎರಡು ಸಾಲು ಬರೆಯದೆ ಹೋದರೆ ತಪ್ಪಾಗುತ್ತದೆ. ‘ದಿ ರಿಪೋರ್ಟ್ ಈಸ್ ಕ್ರಿಟಿಕಲ್ ಆಫ್ ದಿ ಡಿಪಾರ್ಟ್‌ಮೆಂಟ್’ ಎಂದರೆ ಟೀಕಿಸಿದೆ. ‘ದಿ ಪೇಷಂಟ್ ಈಸ್ ಕ್ರಿಟಿಕಲ್’ ಎಂದರೆ ರೋಗಿಯ ಸ್ಥಿತಿ ಗಂಭೀರ. ‘ಕ್ರಿಟಿಕಲ್ ಅಕ್ಲೇಮ್’ ಎಂದರೆ ವಿಮರ್ಶಕರ ಪ್ರಶಂಸೆ. ಆಫ್ ಇಲ್ಲದಿದ್ದರೆ ಟೀಕೆಯ ಅರ್ಥವೋ ಬೇರೆಯೋ ಎಂಬುದನ್ನು ಸಂದರ್ಭದಿಂದಲೇ ತಿಳಿಯಬೇಕು.

ಕನ್ನಡ ಸುದ್ದಿಯಿಂದ ಇಂಗ್ಲಿಷಿಗೆ

ತಪ್ಪುಗಳು ಹೆಚ್ಚು ಹುಟ್ಟುವುದು ಇಲ್ಲಿ, ಏಕೆಂದರೆ ಕನ್ನಡ ಪತ್ರಿಕೆಗಳಿಗೆ ಟೀಕೆಯ ನುಡಿಗಟ್ಟುಗಳು ಹೇರಳ, ಅವುಗಳಲ್ಲಿ ಬಹುಪಾಲು ಕ್ರಿಯಾಪದಗಳು. ಹರಿಹಾಯ್ದರು, ಕಿಡಿಕಾರಿದರು, ಕುಟುಕಿದರು, ಚಾಟಿ ಬೀಸಿದರು. ಇವನ್ನು ವಿಶೇಷಣ ಮಾಡಲು ಹೋದಾಗ ಎಲ್ಲವೂ ಸ್ಕೇದಿಂಗ್ ಆಗಿಬಿಡುತ್ತದೆ. ಕ್ರಿಯಾಪದವನ್ನು ಕ್ರಿಯಾಪದವಾಗಿಯೇ ಬಿಡಿ. ಕೋರ್ಟ್ ಚಾಟಿ ಬೀಸಿತು ಎಂಬುದಕ್ಕೆ ಭಾರತದ ಇಂಗ್ಲಿಷ್ ಪತ್ರಿಕೆಗಳು ‘ದಿ ಕೋರ್ಟ್ ಪುಲ್ಡ್ ಅಪ್ ದಿ ಗವರ್ನಮೆಂಟ್’ ಎನ್ನುತ್ತವೆ. ಹೊರದೇಶದ ಓದುಗರಿಗಾದರೆ ‘ರಿಬ್ಯೂಕ್ಡ್’ ಹೆಚ್ಚು ಸ್ಪಷ್ಟ. ತರಾಟೆಗೆ ತೆಗೆದುಕೊಂಡರು ಎಂಬುದಕ್ಕೆ ‘ಟುಕ್ ದೆಮ್ ಟು ಟಾಸ್ಕ್’ ಪದಕ್ಕೆ ಪದ ಕೂಡುವಷ್ಟು ಹತ್ತಿರ. ಕುಟುಕಿದರು ಎಂಬುದಕ್ಕೆ ಸ್ಟಿಂಗಿಂಗ್ ಇದೆ: ‘ಎ ಸ್ಟಿಂಗಿಂಗ್ ರಿಮಾರ್ಕ್.’ ಒಂದು ಸಾಲಿನ ಮಾತಿಗೆ ಸ್ಕೇದಿಂಗ್‌ಗಿಂತ ಇದೇ ಮೇಲು.

ಖಾರವಾಗಿ ಪ್ರತಿಕ್ರಿಯಿಸಿದರು ಎಂಬುದನ್ನು ಹಾಟ್ ರಿಪ್ಲೈ, ಸ್ಪೈಸಿ ರಿಪ್ಲೈ ಮಾಡಬೇಡಿ. ‘ಎ ಶಾರ್ಪ್ ರಿಪ್ಲೈ’ ಸಾಕು. ಶಾರ್ಪ್ ಎಂಬ ಈ ಸಣ್ಣ ಪದವನ್ನು ನಾನು ಎಲ್ಲರಿಗೂ ಶಿಫಾರಸು ಮಾಡುತ್ತೇನೆ. ನಮ್ಮ ಊರಿನ ದಿನನಿತ್ಯದ ವಾಗ್ವಾದಗಳಲ್ಲಿ ಬಹುಪಾಲು ಶಾರ್ಪ್ ಅಥವಾ ಸ್ಟ್ರಾಂಗ್ ಮಟ್ಟದವು. ಆ ಎರಡರಲ್ಲಿ ಒಂದನ್ನು ಹಾಕಿ ಓದಿ ನೋಡಿ. ಏನೋ ಕಡಿಮೆಯಾಯಿತು ಅನ್ನಿಸಿದರೆ ಮಾತ್ರ ಮೇಲಿನ ಮೆಟ್ಟಿಲಿಗೆ ಹೋಗಿ.

ಹೋಂಸ್ಟೇ ನಡೆಸುವವರಿಗೆ

ಅತಿಥಿಯ ವಿಮರ್ಶೆಗೆ ಇಂಗ್ಲಿಷಿನಲ್ಲಿ ಉತ್ತರಿಸುವಾಗ ಈ ಪದಗಳ ಆಯ್ಕೆ ನಿಮ್ಮ ಜೇಬಿಗೇ ತಾಗುತ್ತದೆ. ‘ರೂಮ್ ತೇವವಾಗಿತ್ತು, ಬಿಸಿನೀರು ಬೇಗ ಮುಗಿಯಿತು, ಜಿಗಣೆ ಬಗ್ಗೆ ಮೊದಲೇ ಹೇಳಲಿಲ್ಲ’ ಎಂದು ಒಬ್ಬರು ಬರೆದಿದ್ದಾರೆ ಎಂದುಕೊಳ್ಳಿ. ಓದಿ ನಿಮಗೆ ಹೊಟ್ಟೆ ಉರಿದರೂ ಅದು ಸ್ಕೇದಿಂಗ್ ಅಲ್ಲ. ನೆಗೆಟಿವ್ ರಿವ್ಯೂ, ಹೆಚ್ಚೆಂದರೆ ಬ್ಲಂಟ್, ಅಂದರೆ ನೇರಾನೇರ. ಅತಿಥಿ ಗೇಟಿನಿಂದ ಬಿಲ್ಲಿನವರೆಗೆ ಒಂದೊಂದನ್ನೂ ಹೀಯಾಳಿಸಿ, ಇಲ್ಲಿಗೆ ಬರುವವರಿಗೆ ತಲೆ ಕೆಟ್ಟಿರಬೇಕು ಎಂದು ಮುಗಿಸಿದ್ದರೆ ಅದು ಸ್ಕೇದಿಂಗ್.

ಹಾಗಿದ್ದರೂ ನಿಮ್ಮ ಉತ್ತರದಲ್ಲಿ ‘ಯುವರ್ ಸ್ಕೇದಿಂಗ್ ರಿವ್ಯೂ’ ಎಂದು ಬರೆಯಬೇಡಿ. ಮುಂದೆ ಬುಕ್ ಮಾಡಬೇಕೆಂದಿರುವವರು ನಿಮ್ಮ ಉತ್ತರವನ್ನೂ ಓದುತ್ತಾರೆ. ಟೀಕೆ ಎಷ್ಟು ಗಾಯ ಮಾಡಿತು ಎಂದು ನೀವೇ ಸಾರಿದಂತಾಗುತ್ತದೆ. ವಿಟ್ರಿಆಲಿಕ್ ಎಂದರಂತೂ ಅತಿಥಿಗೆ ದುರುದ್ದೇಶ ಕಟ್ಟಿದಂತೆ, ಜಗಳ ಅಲ್ಲಿಂದ ಬೆಳೆಯುತ್ತದೆ. ‘ಥ್ಯಾಂಕ್ ಯು ಫಾರ್ ಯುವರ್ ಕ್ಯಾಂಡಿಡ್ ಫೀಡ್‌ಬ್ಯಾಕ್’ ಎಂದು ಶುರುಮಾಡಿ. ಒಂದು ಆರೋಪ ನಿಜವಾಗಿಯೂ ಅನ್ಯಾಯ ಎನ್ನಿಸಿದರೆ ಅದೊಂದಕ್ಕೆ ಮಾತ್ರ ‘ವಿ ಫೀಲ್ ದಿಸ್ ಪಾಯಿಂಟ್ ಈಸ್ ಎ ಲಿಟಲ್ ಹಾರ್ಶ್’ ಎನ್ನಿ. ಹಾರ್ಶ್ ಎಂಬ ಪದದಲ್ಲಿರುವ ‘ಇಷ್ಟು ಬೇಕಿರಲಿಲ್ಲ’ ಎಂಬ ನೆರಳು ಇಲ್ಲಿ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ, ಅತಿಥಿಯನ್ನು ಸುಳ್ಳುಗಾರ ಎಂದು ಕರೆಯದೆಯೇ. ಅದರ ಕೆಳಗೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಗೋಡೆಗಳು ತೇವ ಹಿಡಿಯುತ್ತವೆ, ಆ ತಿಂಗಳುಗಳಲ್ಲಿ ರೂಮಿಗೆ ಹೀಟರ್ ಇಡುತ್ತೇವೆ, ತೋಟಕ್ಕೆ ಇಳಿಯುವವರಿಗೆ ಜಿಗಣೆ ಸಾಕ್ಸ್ ಕೊಡುತ್ತೇವೆ ಎಂದು ನೀವು ಮಾಡುತ್ತಿರುವುದನ್ನು ಸರಳ ಇಂಗ್ಲಿಷಿನಲ್ಲಿ ಬರೆಯಿರಿ. ಬಿಸಿನೀರಿನ ಬಗ್ಗೆ ಅತಿಥಿ ಹೇಳಿದ್ದು ನಿಜವಾಗಿದ್ದರೆ ‘ಯು ಆರ್ ರೈಟ್ ಅಬೌಟ್ ದಿ ಹಾಟ್ ವಾಟರ್’ ಎಂದು ಒಪ್ಪಿಕೊಂಡು, ಗೀಸರ್ ಯಾವಾಗ ಬದಲಾಯಿಸುತ್ತೀರಿ ಎಂಬ ದಿನವನ್ನೂ ಹಾಕಿ.